ದೋನಿ, ಓವರ್

ಮಸ್ಕತ್ತಿನ ಹಳೆ ವಿದ್ಯಾರ್ಥಿಗಳು ಕಳಿಸಿದ ಟ್ಯಾಬು ಏಳು,
ಎರಡನೇ ಕ್ಲಾಸಿನ ಮಕ್ಕಳು ಇಪ್ಪತ್ತಾರು.
ಭಾಗಾಕಾರ ನಾನೇ ಮಾಡಬೇಕು.
ಶೇಷ ಉಳಿಯುವುದು ಯಾವಾಗಲೂ ಹಿಂದಿನ ಬೆಂಚಿನಲ್ಲಿ.

ಬಂದರಿನ ಗಾಳಿಗೆ ಬೀಗವೇ ತುಕ್ಕು ಹಿಡಿಯುತ್ತದೆ,
ಇನ್ನು ಚಾರ್ಜರಿನ ಬಾಯಿ ಯಾವ ಲೆಕ್ಕ.
ಜುಲೈಯಲ್ಲಿ ಒಂದು ಒದ್ದೆಯಾಯಿತೆಂದು
ಬಿಸಿಯೂಟದ ಅಕ್ಕಿಡಬ್ಬದಲ್ಲಿ ಹೂತಿಟ್ಟಿದ್ದೆ.
ಅಳೆಯಲು ಹೋದ ಚಂಚಲಕ್ಕ ಅದನ್ನು ಹೊರಗೆಳೆದು,
"ಟೀಚರೇ, ಇದು ಎಷ್ಟು ಉರಿ ಹಾಕಿದರೂ ಬೇಯುದಿಲ್ಲ."
ಬದುಕಿತು. ಎಡಮೂಲೆಯಲ್ಲಿ ಒಂದು ಹಳದಿ ಕಲೆ ಉಳಿಯಿತು.
ಅದೇ ಮಿಸ್ರಿಯಾಳ ಪಾಲಿಗೆ.

ಪರದೆಯಲ್ಲಿ ನೀಲಿ ನೀರು, ಕೆಂಪು ದೋಣಿ.
ಸರಿಯಾಗಿ ಓದಿದರೆ ಹೊರಡುತ್ತದೆ.
ಯಾವ ಊರಿನದೋ ಒಂದು ಹೆಣ್ಣುದನಿ, ಬೆಲ್ಲದಂಥದು:
"ಈ ಪದ ಓದು, ಪುಟ್ಟಾ."
ದೋನಿ, ಎಂದಳು.
ದೋಣಿ ಕದಲಲಿಲ್ಲ.
"ಮತ್ತೊಮ್ಮೆ ಹೇಳು, ಪುಟ್ಟಾ."
ದೋನಿ.
"ಮತ್ತೊಮ್ಮೆ ಹೇಳು, ಪುಟ್ಟಾ."

ದಿನಾ ನಮ್ಮ ಬೆಂಗ್ರೆಯಿಂದ ದೋಣಿಯಲ್ಲೇ ಹೊಳೆ ದಾಟಿ ಬರುವವಳು.
ಅಪ್ಪ ಮಂಜಿಯಲ್ಲಿ ಸಿಮೆಂಟು, ಕೋಳಿ, ಈರುಳ್ಳಿ ಹೇರಿಕೊಂಡು
ಲಕ್ಷದ್ವೀಪಕ್ಕೆ ಹೋಗುವವನು.
ಅವಳ ಮನೆಮಾತಿನಲ್ಲಿ ಕಣ್ಣೂ ಕನ್ನ್,
ನಾಲಿಗೆ ಮಡಚದೆಯೇ ಅಲ್ಲಿ ಇಡೀ ಸಂಸಾರ ಸಾಗುತ್ತದೆ.
ಆ ಒಂದು ಮಡಿಕೆಗಾಗಿ ಯಂತ್ರ ಕಾದು ಕೂತಿದೆ.

ಐದನೇ ಸಲಕ್ಕೆ ಅವಳಿಗೇ ಹೊಳೆಯಿತು ತಪ್ಪೆಲ್ಲಿ ಅಂತ.
ಅಪ್ಪನ ವಯರ್‌ಲೆಸ್ಸಿನ ಹಾಗೆ ಬಾಯಿಗೆ ಹತ್ತಿರ ಹಿಡಿದು
"ದೋನಿ. ಓವರ್."
ಮಾತು ಮುಗಿಯಿತೆಂದು ಹೇಳದಿದ್ದರೆ
ಆಚೆಯವರಿಗೆ ತಿಳಿಯುವುದಾದರೂ ಹೇಗೆ?

ನನಗೆ ಎಂಟು ವರ್ಷವಿದ್ದಾಗ
ವಿದ್ಯಾಧನವನ್ನು ವಿದ್ಯಾದನ ಎಂದು ಓದಿದ್ದೆ.
ಮನೆಯಲ್ಲಿ ತುಳು; ಮಹಾಪ್ರಾಣಕ್ಕೆ ಉಸಿರು ಖರ್ಚು ಮಾಡುವ ರೂಢಿಯಿಲ್ಲ.
"ದನವನ್ನು ಎಲ್ಲಿ ಕಟ್ಟಿ ಬಂದೆ, ಮಾರಾಯ್ತಿ?" ಶೀನಪ್ಪ ಮಾಸ್ಟ್ರು ಕೇಳಿದರು.
ಕ್ಲಾಸು ನಕ್ಕಿತು. ಅಡಿಕೋಲು ಗೆಣ್ಣಿನ ಮೇಲೆ ಬಿತ್ತು.
ಏಳನೆಯದು ಮುಗಿಯುವವರೆಗೂ ನನ್ನ ಹೆಸರು ದನ.
ಈಗಲೂ ಧ ಎದುರಾದರೆ
ಕುತ್ತಿಗೆಯಲ್ಲಿ ಒಂದು ಕ್ಷಣ ಹಗ್ಗ ಬಿಗಿಯುತ್ತದೆ.

ಈ ಯಂತ್ರದ ಹತ್ತಿರ ಅಡಿಕೋಲಿಲ್ಲ.
ನಗುವುದೂ ಗೊತ್ತಿಲ್ಲ ಅದಕ್ಕೆ.
ಹನ್ನೊಂದನೇ ಸಲವೂ ಅದೇ ಬೆಲ್ಲ.
ಆರನೆಯದಕ್ಕೇ ನನ್ನ ಹುಬ್ಬು ಗಂಟಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.
ಆದರೂ ಆ ದಣಿಯದ ದನಿಗೆ ಒಂದು ಹೆದರಿಕೆ,
ಬೈಯದೆಯೇ ಬಾಗಿಲು ಹಾಕಿಕೊಳ್ಳುವವರನ್ನು ಕಂಡರೆ ಆಗುವಂಥದು.

ಹನ್ನೆರಡು.
ಕಿಟಕಿಯಾಚೆ ಮೀನಿನ ಸ್ಕೂಟರು ಪೋಂಯ್ ಎಂದಿತು.
ದೋಣಿ ಹೊರಟೇಬಿಟ್ಟಿತು!
ನಕ್ಷತ್ರ ಉದುರಿದವು. "ಭೇಷ್, ಪುಟ್ಟಾ!"
ಇಪ್ಪತ್ತಾರೂ ಬೆಂಚು ಹತ್ತಿ ಪೋಂಯ್, ಪೋಂಯ್.
ಹೆಡ್ಮಾಸ್ಟರು ಬಾಗಿಲಲ್ಲಿ, "ಎಂತ ಇದು?"
"ಓದುತ್ತಿದ್ದಾರೆ ಸಾರ್."

ವರದಿ ತನ್ನಷ್ಟಕ್ಕೇ ತುಂಬಿಕೊಂಡಿದೆ.
ಮಿಸ್ರಿಯಾ, ದೋಣಿ, ಸರಿ. ಹಸಿರು ಬಣ್ಣದಲ್ಲಿ.
ಮೀನಿನವನ ಅಂಕ ಅವಳ ಖಾತೆಗೆ.
ತಿದ್ದಲು ಹೋದರೆ ಅಲ್ಲಿ ತಿದ್ದುವ ಜಾಗವೇ ಇಲ್ಲ.
ಇದ್ದಿದ್ದರೆ ತಿದ್ದುತ್ತಿದ್ದೆನೇ, ಗೊತ್ತಿಲ್ಲ.
ಣ ಕಲಿಸಬೇಕು, ಅದು ಹೌದು.
ನಾಳೆ ಮನೆಯಿಂದ ಕನ್ನಡಿ ತರುತ್ತೇನೆ,
ನಾಲಿಗೆಯ ತುದಿ ಅಂಗುಳಕ್ಕೆ ಏರುವುದನ್ನು ಅವಳೇ ನೋಡಲಿ.

ಐದು ಗಂಟೆಯ ದೋಣಿ. ಡೀಸೆಲ್ಲು, ಒಣಮೀನು, ನಿಂತವರ ಚೀಲ.
ಮಿಸ್ರಿಯಾಳ ಮಡಿಲಲ್ಲಿ ಅಂಗನವಾಡಿಯ ತಮ್ಮ ಶಮ್ಮಾಸ್.
ಹಲಗೆಗೆ ಬೆರಳು ತಟ್ಟಿ, ಆ ಬೆಲ್ಲದ ದನಿಯನ್ನೇ ತೆಗೆದು
"ಇದೆಂತ? ಹೇಳು, ಪುಟ್ಟಾ."
"ದೋನಿ."
ಅವಳು ಒಮ್ಮೆ ನನ್ನ ಕಡೆ ನೋಡಿದಳು.
ನಾನು ನೀರು ನೋಡಿದೆ.
"ಸರಿ," ಎಂದಳು. "ಓವರ್ ಹೇಳು."