ಹಲಗೆಯ ಮೇಲೆ ಹದಿನಾಲ್ಕು ವಾರ

ಶಿಡ್ಲಘಟ್ಟದಲ್ಲಿ ಆಗ ಎರಡು ಕರಿಹಲಗೆ.
ಒಂದು ಗೂಡಿನ ಮಾರುಕಟ್ಟೆಯದು:
ಇವತ್ತಿನ ಮೇಲಿನ ದರ, ಕೆಳಗಿನ ದರ, ಬಂದ ಲಾಟು.
ಇನ್ನೊಂದು ನನ್ನ ಕ್ಯಾಸೆಟ್ ಅಂಗಡಿಯ ಬಾಗಿಲಲ್ಲಿ
ತಂತಿ ಕಟ್ಟಿ ನೇತುಹಾಕಿದ್ದು:
ಈ ವಾರದ ಹತ್ತು ಹಾಡು.
ಮೊದಲನೆಯದಕ್ಕೆ ದಿನಾ ತಕರಾರು.
ಎರಡನೆಯದನ್ನು ಯಾರೂ ಪ್ರಶ್ನಿಸಲಿಲ್ಲ,
ಸೀಮೆಸುಣ್ಣ ನನ್ನ ಕೈಯಲ್ಲಿತ್ತು.

ದಸ್ತಗೀರ್, ಪಿಳ್ಳಾಂಜಿನಪ್ಪ.
ಒಬ್ಬ ನೂಲು ಬಿಚ್ಚುವ ಮನೆಯವನು,
ಒಬ್ಬ ಹುಳು ಸಾಕುವ ಮನೆಯವನು.
ಹರಾಜಿನ ಜಾಲರಿಯ ಆಚೆ ಈಚೆ ನಿಂತು
ಅಪ್ಪಂದಿರು ಎಂಟಾಣೆಗೆ ಗಂಟಲು ಹರಿದುಕೊಳ್ಳುವಾಗ
ಇವರು ಹಿಂದುಗಡೆ ಖಾಲಿ ಮೂಟೆಗಳ ಮೇಲೆ.
ಗಿಟಾರು ಒಂದೇ, ಸರದಿಯ ಮೇಲೆ.

"ಇದು ಸಾಫ್ಟ್ ರಾಕ್ ಕಣಣ್ಣ" ಅಂದ ದಸ್ತು.
"ರಾಕ್ ಅಂದ್ರೆ ಬಂಡೆ ಅಲ್ವೇನೋ,
ಬಂಡೆ ಎಲ್ಲಾದರೂ ಮೆತ್ತಗಿರುತ್ತಾ?"
ನಮ್ಮ ಸೀಮೆಯ ಬೆಟ್ಟ ನೋಡಿದ ಯಾರಾದರೂ
ಕೇಳುವ ಮಾತೇ.
ಅಂಜಿ ಉತ್ತರ ಕೊಡದೆ ತಂತಿ ಮೀಟಿದ.
ನಾನು ಮೂರು ಟೀ ಹೇಳಿದೆ.

ಹಾಡಿನ ಹೆಸರು 'ಆರನೇ ದೀಪದ ಕೆಳಗೆ'.
ಹುಡುಗಿಯ ಹೆಸರಿಲ್ಲ ಅದರಲ್ಲಿ, ಚಂದ್ರ ಇಲ್ಲ,
ಮಲ್ಲಿಗೆ ಹೂವಂತೂ ಇಲ್ಲವೇ ಇಲ್ಲ.
ಕರೆಂಟು ಹೋದ ಬೀದಿ, ಕಂಬ ಎಣಿಸುತ್ತ ನಿಂತವನು,
*ನೀನು ಬರುವ ತನಕ ದೀಪ ಬಾರದಿರಲಿ*
ಅಂತ ಕೇಳಿಕೊಳ್ಳುವುದು, ಅಷ್ಟೇ.
ದಸ್ತು ಕೆಳದನಿ, ಅಂಜಿ ಮೇಲ್ದನಿ,
'ಬಾರದಿರಲಿ' ಅನ್ನುವಲ್ಲಿ ಎರಡೂ ಹೊಸೆದುಕೊಂಡು
ಯಾರದು ಯಾವುದು ತಿಳಿಯುತ್ತಿರಲಿಲ್ಲ.

ಬೆಂಗಳೂರಲ್ಲಿ ಒಂದು ರಾತ್ರಿಯ ಸ್ಟುಡಿಯೋ ಬಾಡಿಗೆ.
ಅರವತ್ತು ಕ್ಯಾಸೆಟ್.
ಮೊದಲ ವಾರ ಒಂಬತ್ತನೆಯದು,
ಮರುವಾರ ನಾಲ್ಕು,
ಆಮೇಲೆ ನಂಬರ್ ಒನ್.
ಹದಿನಾಲ್ಕು ವಾರ ಅಲ್ಲಿಂದ ಇಳಿಯಲಿಲ್ಲ.
ದೊಡ್ಡ ದೊಡ್ಡ ಸಿನಿಮಾದ ಹಾಡುಗಳು ಬಂದು
ಅದರ ಕಾಲ ಕೆಳಗೆ ನಿಂತು ಹೋದವು.
ಚಿಂತಾಮಣಿಯ ಅಂಗಡಿಯವನು ಬಸ್ಸಲ್ಲಿ ಸಿಕ್ಕಿ
"ಅದೇನಂತೆ ಆ ದೀಪದ್ದು?" ಅಂದ.

ಈಗ ಲೆಕ್ಕ ಒಪ್ಪಿಸುತ್ತೇನೆ.
ಸಿನಿಮಾದ್ದು ವಾರಕ್ಕೆ ನಲವತ್ತು ಹೋಗುತ್ತಿತ್ತು,
ದೀಪದ್ದು ನಾಲ್ಕು.
ಆ ನಾಲ್ಕರಲ್ಲಿ ಎರಡು ಒಯ್ಯುತ್ತಿದ್ದ ಹುಡುಗ
ದಸ್ತುವಿನ ಮನೆಯಲ್ಲಿ ಚರಕ ತಿರುಗಿಸುವವನು:
"ಅಂಜಣ್ಣಂಗೆ ಹೇಳ್ಬೇಡಿ, ಅವ್ನು ಖುಷಿಯಾಗಿರ್ಲಿ."
ಇನ್ನೆರಡು, ಹಿಪ್ಪುನೇರಳೆ ಸೊಪ್ಪಿನ ಗಾಡಿಯವನು,
ಬೀಡಿಯ ಹೊಗೆಯ ಜೊತೆ ಅದೇ ಮಾತು,
ಹೆಸರು ಮಾತ್ರ ಬೇರೆ.
ಒಬ್ಬನ ಕಡೆಯಿಂದ ಇಪ್ಪತ್ತೆಂಟು.
ಇನ್ನೊಬ್ಬನ ಕಡೆಯಿಂದ ಮೂವತ್ತೊಂದು.
ಇಬ್ಬರಿಗೂ ನಾನು ತುಟಿ ಬಿಚ್ಚಲಿಲ್ಲ.
ಶನಿವಾರ ಸಂಜೆ ಇಬ್ಬರೂ ಬಂದು,
ಹಲಗೆ ನೋಡಿ, ಒಬ್ಬನ ಮುಖ ಇನ್ನೊಬ್ಬ ನೋಡುವಾಗ
ಯಾವ ದೇವರು ಕೆಳಗಿಳಿಸಿಯಾನು ಆ ಹಾಡನ್ನು?
ನಾನಂತೂ ಅಲ್ಲ.

ಆಮೇಲೆ ಅವರು ಹಾಡಲಿಲ್ಲ. ಯಾಕೆ, ಗೊತ್ತಿಲ್ಲ.
ಗಿಟಾರು ಹೋಗಿ ಟಿಲ್ಲರು ಬಂತು, ಅಷ್ಟು ಕಂಡಿದ್ದೇನೆ.
ನನ್ನ ಹಲಗೆಯಲ್ಲಿ ಈಗ ರೀಚಾರ್ಜಿನ ದರ.

ಇಪ್ಪತ್ತೆಂಟು, ಮೂವತ್ತೊಂದು. ಐವತ್ತೊಂಬತ್ತಾಯಿತು.
ಮೊನ್ನೆ ಅಕ್ಕಯಮ್ಮ ಬಂದಳು,
ಕಾದ ನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳ ತುದಿ ಬೆಳ್ಳಗೆ ಬೆಂದವಳು.
ಸೆರಗಿನ ಗಂಟಿನಿಂದ ಅರವತ್ತನೆಯದನ್ನು ತೆಗೆದು,
"ಸುತ್ಕೊಂಬಿಟ್ಟೈತೆ, ಸರಿ ಮಾಡ್ಕೊಡು."
ಆಗ ಹನ್ನೆರಡು ರೂಪಾಯಿ ಕೊಟ್ಟಿದ್ದಳಂತೆ.
ನನಗೆ ನೆನಪಿಲ್ಲ, ನಾಚಿಕೆಯಾಯಿತು.

ಪೆನ್ಸಿಲ್ಲು ತೂರಿಸಿ ತಿರುಗಿಸಿ,
ಮೂಲೆಯ ಹಳೇ ಡೆಕ್ಕಿನ ಧೂಳು ಊದಿ
ಹಾಡು ಸಿಕ್ಕುವ ಕಡೆ ಒತ್ತಿದೆ.
"ಹಾಡಲ್ಲಪ್ಪ" ಅಂದಳು,
"ಅದಕ್ಕೂ ಮುಂಚಿಂದು ಹಾಕು."

ಹಿಂದಕ್ಕೆ ಓಡಿಸಿದೆ.
ಸುಮ್ಮನೆ ಮರಳು ಸುರಿದಂಥ ಸದ್ದು.
ಆಮೇಲೆ, ಮೈಕು ಬಿಟ್ಟು ದೂರದಿಂದ,
"ಅಂಜಿ, ಇದ್ದೀಯಾ?"
"ಇಲ್ಲೇ ಇದ್ದೀನಿ ಕಣೋ. ಶುರು ಮಾಡು."