ದನಿ ನೋಡಿ ಕೊಂಡದ್ದು

ಕಾರು ನನಗ ಗೊತ್ತಿಲ್ಲ. ರೊಟ್ಟಿ ಗೊತ್ತದ.
ಖಡಕ್ ಆದ ರೊಟ್ಟಿ ಬೆರಳಿಂದ ಬಡಿದರ ಒಂದು ದನಿ,
ನಡುವ ಹಸಿ ಉಳಿದಿದ್ದರ ಇನ್ನೊಂದು.
ಇಪ್ಪತ್ತೆರಡು ವರ್ಷ
ದಿನಕ್ಕ ನಾಕುನೂರು ಬಡಿದ ಕೈ ಇದು.

ಹೋದ ಶ್ರಾವಣದಾಗ ಗಂಜಿನ ತಿರುವಿನಾಗ
ಸ್ಕೂಟಿ ಜಾರಿ ಬಿದ್ದಳು ಮಗಳು.
ಬುಟ್ಟಿ ಬಿಚ್ಚಿ ರೊಟ್ಟಿ ಎಲ್ಲ ಚೂರು.
ಮೊಣಕಾಲಿಗೆ ಹೊಲಿಗಿ ಹಾಕಿಸಿಕೊಂತ ಅಕಿ ಕೇಳಿದ್ದು:
"ಅವ್ವಾ, ಹೋಟ್ಲಿನವರಿಗೆ ಏನು ಹೇಳೂದು?"
ಆ ವಾರನ ಚೀಟಿ ಎತ್ತಿದೆ.

ಲೈಸೆನ್ಸಿನಾಗ ಸುಗೂರೇಶ್ವರಿ, ವಯಸ್ಸು ಹತ್ತೊಂಬತ್ತು.
ಮನ್ಯಾಗ ಸೂಗಿ.
ಸೂಗಿ ಕಣ್ಣು ಬಿದ್ದದ್ದು ಮಾನ್ವಿ ರಸ್ತೆಯ ಅಂಗಡ್ಯಾಗ
ಹೊಳಿಯೋ ಕೆಂಪು ಕಾರಿನ ಮ್ಯಾಲ.
ಹೈದರಾಬಾದ್ ಡಾಕ್ಟರ್ದು, ಅಂದ ಮಾರುವವ,
ಮನಿಯಿಂದ ದವಾಖಾನಿಗೆ, ದವಾಖಾನಿಯಿಂದ ಮನಿಗೆ,
ಇಪ್ಪತ್ತೆಂಟು ಸಾವಿರ ಅಷ್ಟ ಓಡ್ಯಾದ.

ನಮ್ಮ ಓಣಿ ಮೆಕ್ಯಾನಿಕ್ ಜಿಲಾನಿ, ಬಾಯಾಗ ಸದಾ ಅಡಿಕಿ,
ಮಾತಾಡಲಿಲ್ಲ. ಬ್ರೇಕಿನ ಪೆಡಲು ತೋರಿಸಿದ:
ರಬ್ಬರು ಸವೆದು ಬಚ್ಚಲ ಕಲ್ಲಿನಂಗ ನುಣ್ಣಗ.
"ಡಾಕ್ಟರು ಇದರ ಮ್ಯಾಲ ಕುಣೀತಿದ್ದರೇನು?"
ಸೀಟಿನ ಬೆಲ್ಟು ಪೂರಾ ಜಗ್ಗಿದ, ಬಾವಿ ಹಗ್ಗ ಜಗ್ಗಿದಂಗ.
ಕಡೀ ಗೇಣಿನಾಗ ಒಂದು ಗೆರಿ, ಒಣಗಿದ ರಾಡಿ.
ಅಲ್ಲಿತನಕ ನಿಂತಿತ್ತು ನೀರು.

ಆಮ್ಯಾಲ ನಾನು ಬಡಿದೆ.
ಬಾನೆಟ್ಟು: ಠಣ್. ಎಡ ಬಾಗ್ಲ: ಠಣ್.
ಬಲ ಬಾಗ್ಲ: ಹಸಿ ರೊಟ್ಟಿ.
"ಇಲ್ಲಿ ಬೆಂದಿಲ್ಲ" ಅಂದೆ.
ಜಿಲಾನಿ ಅಡಿಕಿ ಉದುರುವಂಗ ನಕ್ಕ,
"ಪುಟ್ಟಿ ಮೆತ್ಯಾರ ಅಕ್ಕಾ, ಬೆರಳು ದಪ್ಪ."

ಚಾವಿ ತಿರುವಿದ. ಮುಂದ ದೀಪ ಹತ್ತಿದವು,
ಒಂದು ಹತ್ತಲಿಲ್ಲ.
"ಅದು ಬಲೂನಿನ ದೀಪ. ಹತ್ತಬೇಕು, ಆಮ್ಯಾಲ ಆರಬೇಕು."
ದೀಪ ಆರಿತು ಅನಬಾರದು, ದೊಡ್ಡದಾತು ಅನಬೇಕು,
ನಮ್ಮವ್ವ ಕಲಿಸಿದ್ದು. ಈತ ನೋಡಿದರ
ಆರಿದರನ ಛಲೋ ಅಂತಾನ.
ಬಲೂನು ಒಮ್ಮೆ ಒಡೆದದ, ಹೊಸದು ಹಾಕಿಲ್ಲ,
ಗೊತ್ತಾಗಬಾರದಂತ ಬಲ್ಬ್ ಕಿತ್ತಾರ.
ಎದಿ ಮುಂದ ಖಾಲಿ ಗೂಡು ಇಟ್ಟು
ನನ್ನ ಮಗಳನ್ನ ಕೂಡ್ರಸಬೇಕಂತ.

ಸೂಗಿ ಎರಡು ದಿನ ಮಾತು ಬಿಟ್ಟಳು.

ಆರನೇದು ಸಿಕ್ಕದ್ದು ಶಕ್ತಿನಗರದಾಗ.
ನಾಗಲಿಂಗಾಚಾರಿ, ಟರ್ಬೈನ್ ಆಪರೇಟರ್ ಇದ್ದವ,
ರಿಟೈರ್ ಆಗಿ ಎರಡು ವರ್ಷ.
ಬೂದಿ ಬಣ್ಣದ ವ್ಯಾಗನಾರ್. ಬಣ್ಣನೋ, ಬೂದಿನೋ,
ಸೆರಗಿಂದ ಒರಸಿ ನೋಡಿದೆ: ಎರಡೂ.
ಒಳಗಿಂದ ನೋಟ್‌ಬುಕ್ಕು ತಂದ.
ಶಿಫ್ಟಿನಾಗ ಬರೆದಂಗ ಬರೆದಾನ,
ತಾರೀಖು, ಕಿಲೋಮೀಟರು, ಆಯಿಲ್ಲು, ಬ್ಯಾಟ್ರಿ.
ಒಂದು ಕಡಿ: "ಬೆಳಗ್ಗೆ ಆರೂ ಹತ್ತು. ಹಿಂದಿನ ಎಡ ಬಾಗಿಲಿಗೆ ಎಮ್ಮೆ.
ತಪ್ಪು ನನ್ನದು."
ಆ ಎರಡು ಶಬ್ದಕ್ಕ ಅರ್ಧ ಕಾರು ಕೊಂಡಂಗ ಆತು ನನಗ.
ತಗ್ಗು ಅಲ್ಲೇ ಇತ್ತು, ಮುಚ್ಚಿರಲಿಲ್ಲ. ಬಡಿದೆ.
ಠಣ್ ಅಂತು.
ಎ.ಸಿ. ಗೊರಗೊರ ಅಂತದ, ಅಂತ ಅವನ ಹೇಳಿದ.
ಗೊರಗೊರ ಇರಲಿ, ತಂಪಿದ್ದರ ಸಾಕು,
ರಾಯಚೂರಿನ ಮೇ ತಿಂಗಳು ಸಂಗೀತ ಕೇಳೂದಿಲ್ಲ.
ದೀಪ ಹತ್ತಿತು. ಎಣಿಸಿದೆ. ಒಂದು, ಎರಡು, ಮೂರು, ನಾಕು,
ದೊಡ್ಡದಾತು.

ರೊಕ್ಕದಾಗ ಅವ ಒಂದು ರೂಪಾಯಿ ಬಿಡಲಿಲ್ಲ.
ನಾನು ಜಗ್ಗಾಡಲಿಲ್ಲ ಅಂದರ ಸುಳ್ಳು.

ಡಿಕ್ಕ್ಯಾಗ ನೂರು ರೊಟ್ಟಿ ಜೋಡಿಸಿ ಇಟ್ಟೆ,
ಇದಕ್ಕ ಬ್ಯಾರೆ ಪರೀಕ್ಷೆ ನನಗ ಬರೂದಿಲ್ಲ.
ಮುಂದ ಜಿಲಾನಿ, ಹಿಂದ ನಾನು.
ತೀನ್ ಕಂದೀಲ್ ಹತ್ರ ಗಾಡಿ ಎರಡು ಸಲ ಬಂದ್ ಬಿತ್ತು.
ಹಿಂದಿನ ಆಟೋದವ ತೆಲುಗಿನಾಗ ಬೈದ,
ಅಕಿ ಕನ್ನಡದಾಗ ತಿರುಗಿಸಿ ಕೊಟ್ಟು ಗೇರ್ ಹಾಕಿದಳು.
ಹಂಪ್ಸು, ತಗ್ಗು, ಮತ್ತೊಂದು ಹಂಪ್ಸು.

ಮನಿ ಮುಂದ ಇಳಿದು ಎಣಿಸಿದೆ.
ಡಿಕ್ಕಿಯಾಗಿನವು ನೂರೂ ಇದ್ದಂಗ ಇದ್ದವು.
ಮುರಿದದ್ದು ಎರಡ:
ದಾರ್ಯಾಗ ಯಾರಿಗರೆ ಹಸಿವಾದರ ಅಂತ
ತೊಡಿ ಮ್ಯಾಲ ಇಟ್ಟುಕೊಂಡಿದ್ದವು,
ನಾನು ಗಟ್ಟಿ ಹಿಡಿದು ಕುಂತಿದ್ದವು.