ಲಾಯದಾಗ ಒಂದು ರಾತ್ರಿ

ಬಸ್‌ಸ್ಟ್ಯಾಂಡ್ ಎದುರಿನ ಐದೂ ಲಾಡ್ಜಿನವರು
ಬಾಯಿ ತೆರೀದ ಕೈ ಅಲ್ಲಾಡಿಸಿದರು.
ನಾಳೆ ಯಾವುದೋ ಪರೀಕ್ಷಾ ಅಂತ.
ಮೆಟ್ಟಿಲ ಮ್ಯಾಲೂ ಹುಡುಗರು, ಮಡಿಲಾಗ ಗೈಡು,
ತುಟಿ ಮಾತ್ರ ಅಲ್ಲಾಡತಿದ್ದುವು.
ನನ್ನ ಕೈಚೀಲದಾಗ ಒಣದ್ರಾಕ್ಷಿಯ ನಾಕು ನಮೂನಿ,
ಮುಂಜಾನೆ ಹತ್ತಕ್ಕ ಹರಾಜು.

ಟಾಂಗಾದ ಲಾಡ್ಲೇಸಾಬ ಮ್ಯಾಲಿಂದ ಕೆಳಗ ನೋಡಿದ.
"ಎಷ್ಟರ ಮಟಾ ಏರತೀರಿ ಸಾವಕಾರ್ರ?"
ನಾ ಸಾವಕಾರ ಅಲ್ಲ, ದಲಾಲ.
ಕತ್ತಲಾಗ ತಿದ್ದಲಿಲ್ಲ.
"ಹಂಗಾರ ಹಳೇ ವಾಡೇಕ್ಕ ನಡೀರಿ.
ಹೋಟೆಲ್ ಮಾಡ್ಯಾರ ಈಗ. ಪರದೇಶದವ್ರು ಇಳೀತಾರ,
ಮುರುಕು ಗ್ವಾಡಿ ನೋಡಿ ಖುಷಿ ಪಡತಾರ."

ಗಗನಮಹಲಿನ ಕಮಾನು ದಾಟಿ,
ಬಾಗಿಲು ಎಳಕೊಂಡ ಬಳಿ ಅಂಗಡಿ ದಾಟಿ,
ಎರಡು ಟಾಂಗಾ ಎದುರಾದರ ಒಂದು ಹಿಂದ ಸರೀಬೇಕು
ಅಂಥಾ ಸಂದಿಯೊಳಗ
ನೂರಿ ದಾರಿ ಕೇಳದ ಹೊಳ್ಳಿದಳು.

"ಉಳಿದದ್ದು ಒಂದೇ ರೂಮು ಸರ್," ಅಂದಳು ಕೌಂಟರಿನ ಹುಡುಗಿ,
"ನಾಕೂವರಿ ಸಾವಿರ. ಇದು ಮೊದಲು ಕುದರಿ ಲಾಯ."
ಹೇಳುವಾಗ ಅಕಿ ನಾಚಲಿಲ್ಲ,
ಅದಕ್ಕೇ ಆ ದರ ಅನ್ನೋ ಹಂಗ ನಕ್ಕಳು.

ಗೋದಲಿಯೊಳಗ ಈಗ ಬಿಳೀ ಟವೆಲ್ಲು,
ಮಡಿಚಿ ಮಡಿಚಿ ಬಾತುಕೋಳಿ ಮಾಡ್ಯಾರ.
ಕಲ್ಲಿನ ಅಂಚು ನಡುವಷ್ಟ ತೆಳ್ಳಗ ಸವದಿತ್ತು.
ಉಳಿ ಪೆಟ್ಟಲ್ಲ ಅದು,
ಗದ್ದ ಒರಸಿ ಒರಸಿ.
ನಾ ಅಲ್ಲಿ ಗಡ್ಡದ ಬ್ರಶ್ ಇಟ್ಟೆ.
ಹಾಸಿಗಿ ಎದುರು ಒಂದು ಫೋಟೋ:
ಸರದಾರರ ಹೆಸರು ಐತಿ, ಇಸವಿ ಐತಿ,
ಕೆಳಗಿನ ಕುದರೀದು ಅರ್ಧ ಮಾರಿ ಕತ್ತರಿಸಿ ಫ್ರೇಮು ಹಾಕ್ಯಾರ.
ಗ್ವಾಡಿಯಾಗ ಕಬ್ಬಿಣದ ಕಡಗ.
ಅಂಗಿ ತೂಗಹಾಕೋ ಮುಂಚೆ ಜಗ್ಗಿ ನೋಡಿದೆ;
ದಲಾಲನ ಕೈ, ಜಗ್ಗದ ಏನೂ ನಂಬೂದಿಲ್ಲ.
ಕಿತ್ತು ಬರಲಿಲ್ಲ.

ಮನೀಗೆ ಫೋನ್ ಹಚ್ಚಿದೆ.
"ಎಲ್ಲಿ ಇಳದೀರಿ?"
"ಕುದರಿ ಲಾಯದಾಗ."
ಅತ್ತ ಕಡೆ ಉಸಿರು ನಿಂತಿತು.
"ನೂರು ರೂಪಾಯಿ ಉಳಸಾಕ ಹೋಗಿ...
ಇಪ್ಪತ್ತಾರು ವರ್ಷದಾಗ ಒಂದ ಸಲಾನೂ ನಿಮ್ಮ ಬುದ್ಧಿ..."
ರೇಟು ಹೇಳಲಾರದ ಬೈಸಿಕೊಂಡೆ.
ಹೇಳಿದ್ದರ ಇನ್ನಷ್ಟು ಬೈತಿದ್ದಳು.

ಎಸಿ ಸಣ್ಣಗ ಗೊಣಗತಿತ್ತು.
ಎರಡರ ಸುಮಾರಿಗೆ ಎಚ್ಚರ.
ಗ್ವಾಡಿಯ ಆಕಡೆ ಯಾರೋ ಕಾಲು ಬದಲಿಸಿದರು.
ಮತ್ತ ಬದಲಿಸಿದರು.
ಲಾಳದ ಸಪ್ಪಳ.
ಲಾಡ್ಲೇಸಾಬ ಮನೀಗೆ ಹೋಗಿರಲಿಲ್ಲ,
ಮುಂಜಾನೆ ಬಾಡಿಗಿ ಬಿಡಬಾರದಂತ
ಟಾಂಗಾದಾಗ ಮುದುಡಿ ಮಲಗಿದ್ದ;
ನೂರೀನ್ನ ಕರೆಂಟಿನ ಕಂಬಕ್ಕ ಕಟ್ಟಿದ್ದ.
ಎರಡು ಮೊಳ ದಪ್ಪದ ಗ್ವಾಡಿ.
ಈ ಕಡೆ ನಾ, ಗಾದಿ, ನಾಕು ದಿಂಬು.

ಚೀಲ ತಗೊಂಡು ಹೊರಗ ಬಂದೆ.
ವಾಚಮನ್ ಎದ್ದು ನಿಂತ, ಏನೂ ಕೇಳಲಿಲ್ಲ;
ರೊಕ್ಕ ಕೊಟ್ಟವರನ್ನ ಕೇಳಬಾರದಂತ ಕಲಿಸ್ಯಾರ.
ಮೊದಲನೇ ನಮೂನಿ, ಹಸರು, ಉದ್ದ ಕಾಳು,
ನೆರಳಾಗ ಒಣಗಿಸಿದ್ದು.
ನೂರಿ ಮೂಸಿದಳು,
ಅಂಗೈ ಮ್ಯಾಲ ಬಿಸಿ ಉಸಿರು ಬಿಟ್ಟಳು.
ಹಿಂಗೇ ವರ್ಷಗಟ್ಟಲೆ ಕಾಳು ಹಿಡಿದು
ಕೊಳ್ಳುವವರ ಮಾರಿ ನೋಡೇನಿ.
ಅವರು ಒಂದು ಬಾಯಿಗೆ ಹಾಕಿ
ಉಳಿದದ್ದು ಚೀಲಕ್ಕ ತಿರುಗಿ ಸುರೀತಾರ.
ಅಕಿ ಒಂದೂ ಉಳಸಲಿಲ್ಲ,
ಅಂಗೈಯ ಗೆರಿಯೊಳಗ ಸಿಕ್ಕಿದ್ದನ್ನೂ ತುಟೀಲೆ ಹುಡಿಕಿದಳು.
ಟಾಂಗಾದೊಳಗಿಂದ ಲಾಡ್ಲೇಸಾಬ ಕಣ್ಣು ತೆರೀದ ಅಂದ:
"ಭಾಳ ಹಾಕಬ್ಯಾಡ್ರಿ, ನಾಳೆ ಹುಲ್ಲು ಮೂಸೂದಿಲ್ಲ."

ಹೋಗುವಾಗ ಹುಡುಗಿ ದಪ್ಪ ಪುಸ್ತಕ ಮುಂದಿಟ್ಟಳು.
"ಅಭಿಪ್ರಾಯ ಬರೀರಿ ಸರ್."
ಹಾಳಿ ತುಂಬ ಇರಿವಿ ಸಾಲಿನಂಥಾ ಪರದೇಶದ ಅಕ್ಷರ,
ಒಂದು ಕಡೆ ಗುಮ್ಮಟದ ಚಿತ್ರ.
ಸಿದರಾಯ ಬಿಳ್ಳೂರ, ತೆಲಸಂಗ, ಅಂತ ಬರೆದೆ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತೆ.
ಹೊರಗ ಟಾಂಗಾದ ಗಂಟಿ ಬಾರಿಸಿತು.
"ಕಡಗ ಗಟ್ಟಿ ಐತಿ"
ಅಂತ ಬರೆದು ಸಹಿ ಮಾಡಿದೆ.